ಪ್ರತಿ ಐದನೇ ದಿನ ಗಿಗ್ ಇಲ್ಲ

ಮೂರು ವರ್ಷದ ಹಿಂದೆ ನಮ್ಮ ರಾಕ್ ಬ್ಯಾಂಡಿನ ಒಂದು ಟೂರು ಮುಗಿಸಿ ಬಂದಾಗ ನಮ್ಮನೆ ನಾಯಿ ನನ್ನನ್ನೇ ನೋಡಿ ಬೊಗಳಿತು. ಬರೀ 40 ದಿನ ಆಗಿತ್ತು. ಹೆಂಡತಿ ನಕ್ಕಳು, ನಾನೂ ನಕ್ಕೆ. ಅದೇ ರಾತ್ರಿ ಎರಡು ಗಂಟೆಗೆ ಎಚ್ಚರ ಆಯಿತು. ಬಾತ್‌ರೂಮು ಯಾವ ಕಡೆ ಅಂತ ಹೊಳೆಯಲಿಲ್ಲ. ಕತ್ತಲಲ್ಲಿ ಗೋಡೆ ತಡಕಾಡುತ್ತಾ, ಇದು ಯಾವ ಹೋಟೆಲು ಅಂತ ಯೋಚಿಸುತ್ತಾ ನಿಂತಿದ್ದೆ. ಆಗ ಮಾತ್ರ ನಗು ಬರಲಿಲ್ಲ.

ಟೂರ್ ಮಾಡಿದವರಿಗೆ ದಿನಚರಿ ಬಿಡಿಸಿ ಹೇಳುವ ಅಗತ್ಯ ಇಲ್ಲ. ಲೋಡ್-ಇನ್ (ಸಾಮಾನು ಒಳಗೆ ಸಾಗಿಸುವುದು), ಸೌಂಡ್‌ಚೆಕ್ (ಸದ್ದು ಸರಿ ಇದೆಯಾ ಅಂತ ನುಡಿಸಿ ನೋಡುವುದು), ಕಾಯುವುದು, ಇನ್ನೂ ಕಾಯುವುದು, ಒಂದೂವರೆ ಗಂಟೆ ನುಡಿಸುವುದು, ಲೋಡ್-ಔಟ್ (ಸಾಮಾನು ವಾಪಸ್ ತುಂಬುವುದು), ಮತ್ತೆ ವ್ಯಾನು. ಈಗ ಇದನ್ನು ಬರೆಯಲು ಕಾರಣ ಒಂದೇ. ನಾನು ಹಿಡಿದ ಹಟ ಕೊನೆಗೂ ಕೈ ಹಿಡಿಯಿತು. ಬ್ಯಾಂಡಿನ ಉಳಿದ ಮೂವರೂ ಆಗಲ್ಲ ಅಂದಿದ್ದರು. ಮ್ಯಾನೇಜರ್ ಅಂತೂ "ನೀನು ಗಿಟಾರ್ ನೋಡ್ಕೋ, ಲೆಕ್ಕ ನಾನು ನೋಡ್ಕೋತೀನಿ" ಅಂತ ಮಾತು ಮುಗಿಸಿದ್ದರು.

ಹಟ ಏನು ಅಂದರೆ, ನಾಲ್ಕು ದಿನ ಗಿಗ್, ಅಂದರೆ ಶೋ, ಐದನೇ ದಿನ ಖಾಲಿ. ಪ್ರಯಾಣವೂ ಇಲ್ಲ, ಸಂದರ್ಶನವೂ ಇಲ್ಲ. ಕೇಳಲು ಇಷ್ಟೇ. ಸರಿಯಾಗಿ ಕೂರಿಸಲು ಎರಡು ಟೂರು ಹಾಳಾದವು.

ಮೊದಲು ಆ 40 ದಿನದ ಕಥೆ. ಪಟ್ಟಿಗೆ ನಾನೇ ಖುಷಿಯಿಂದ ಒಪ್ಪಿದ್ದೆ. 36 ಗಿಗ್. ವ್ಯಾನಿನ ಬಾಡಿಗೆ ನಿಂತರೂ ಅಷ್ಟೇ, ಓಡಿದರೂ ಅಷ್ಟೇ, ಹಾಗಾಗಿ ದಿನಾ ನುಡಿಸಿದರೇ ಲಾಭ ಅಂತ ಎಲ್ಲರ ತಲೆಯಲ್ಲೂ ಕೂತಿತ್ತು. 12ನೇ ದಿನಕ್ಕೆ ಹಾಡುವವನ ಗಂಟಲು ಕಟ್ಟಿತು. 20 ದಾಟುವಷ್ಟರಲ್ಲಿ ಡ್ರಮ್ಮರ್‌ಗೂ ಬೇಸ್ ನುಡಿಸುವವನಿಗೂ ಮಾತಿಲ್ಲ. ಕಾರಣ ಒಂದು ಫೋನ್ ಚಾರ್ಜರ್. ನಗಬೇಡಿ, ನಿಮ್ಮ ವ್ಯಾನಿನಲ್ಲೂ ಇಂಥದ್ದು ಆಗಿರುತ್ತದೆ. ಎಂಟು ಜನ ತೊಡೆಗೆ ತೊಡೆ ತಾಗಿಸಿಕೊಂಡು ಕೂತು ದಿನಕ್ಕೆ ಐದಾರು ಗಂಟೆ ಹೋಗುತ್ತಿದ್ದೆವು. ಎಲ್ಲರ ಕಿವಿಯಲ್ಲೂ ಇಯರ್‌ಫೋನು. ನನಗೆ ಜಾಸ್ತಿ ಒಂಟಿ ಅನ್ನಿಸಿದ್ದು ಯಾವ ರೂಮಿನಲ್ಲೂ ಅಲ್ಲ, ಆ ವ್ಯಾನಿನ ಮೂರನೇ ಸಾಲಿನಲ್ಲಿ.

ಐದು ಗಿಗ್ ರದ್ದಾದವು. ಮೂರು ಗಂಟಲಿನಿಂದ, ಒಂದು ವ್ಯಾನ್ ಕೆಟ್ಟಿದ್ದರಿಂದ. ಐದನೆಯದು ನನ್ನಿಂದ. ಗ್ರೀನ್ ರೂಮಿನ ಟಾಯ್ಲೆಟ್ ಬಾಗಿಲು ಹಾಕಿಕೊಂಡು ಕೂತವನು ಹೊರಗೆ ಬರಲಿಲ್ಲ. ಜ್ವರ ಇಲ್ಲ, ನೋವಿಲ್ಲ. ಎದ್ದು ಬರಲು ಆಗಲಿಲ್ಲ, ಅಷ್ಟೇ. ಹೊಟ್ಟೆ ಕೆಟ್ಟಿದೆ ಅಂತ ಹೊರಗೆ ಹೇಳಿದರು. ಮನೆಗೆ ಬಂದಮೇಲೆ ಆರೇಳು ಸಲ ಆಪ್ತಸಲಹೆಗೆ ಹೋದೆ. ಆ ದುಡ್ಡು ಗಿಟಾರ್ ಸದ್ದು ಬದಲಿಸುವ ಒಂದು ಹೊಸ ಪೆಡಲ್‌ಗಿಂತ ಕಡಿಮೆ. ಪೆಡಲ್ ಆದರೆ ಯೋಚನೆ ಮಾಡದೆ ಕೊಳ್ಳುತ್ತೇವೆ, ಅಲ್ವಾ?

ಇನ್ನು ದುಡ್ಡು. ಆ ಟೂರಿನಲ್ಲಿ ಗಿಗ್‌ಗಳಿಂದ 100 ಬಂತು ಅಂತ ಇಟ್ಟುಕೊಳ್ಳಿ. ವ್ಯಾನು, ಡೀಸೆಲ್, ಡ್ರೈವರ್‌ಗೆ 30. ರೂಮು, ಊಟಕ್ಕೆ 25. ಸೌಂಡ್ ಇಂಜಿನಿಯರ್ ಮತ್ತು ಸಾಮಾನು ಎತ್ತುವವರಿಗೆ 15. ಏಜೆಂಟ್‌ಗೆ 10, ಮ್ಯಾನೇಜರ್‌ಗೆ 15. ಉಳಿದದ್ದು ಐದು, ಅದು ನಾಲ್ಕು ಜನಕ್ಕೆ. ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು. ಟಿ-ಶರ್ಟ್ ಮಾರಿದ್ದರಿಂದ ಬದುಕಿದೆವು. ಅದರಲ್ಲೂ ಕೆಲವು ಹಾಲ್‌ನವರು ಐದರಲ್ಲಿ ಒಂದು ಪಾಲು ಕಿತ್ತುಕೊಂಡರು.

ಹೀಗಿರುವಾಗ ಎಂಟು ದಿನ ಖಾಲಿ ಬಿಡೋಣ ಅಂದರೆ ಯಾರು ಕೇಳುತ್ತಾರೆ? ಖಾಲಿ ದಿನವೂ ವ್ಯಾನಿಗೆ, ರೂಮಿಗೆ, ಇಂಜಿನಿಯರ್‌ಗೆ ಕೊಡಲೇಬೇಕು. ಒಂದು ಖಾಲಿ ದಿನ ಅಂದರೆ ಮುಕ್ಕಾಲು ಗಿಗ್‌ನ ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಮ್ಯಾನೇಜರ್ ಕಾಗದದ ಮೇಲೆ ಬರೆದು ತೋರಿಸಿದರು. ಡ್ರಮ್ಮರ್ ಬೇರೆ ಕಡೆಯಿಂದ ಹಿಡಿದ. "ಗುರು, ದೊಡ್ಡ ದೊಡ್ಡ ಬ್ಯಾಂಡ್‌ಗಳೆಲ್ಲ ಹಿಂಗೆ ರಜೆ ತಗೊಂಡು ದೊಡ್ಡವಾದ್ವಾ?" ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಬೀಟಲ್ಸ್ 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನುಡಿಸಿದ ಮೇಲೆ ಟೂರನ್ನೇ ಬಿಟ್ಟರು. ಬೀಚ್ ಬಾಯ್ಸ್ ಬ್ಯಾಂಡಿನ ಬ್ರಯಾನ್ ವಿಲ್ಸನ್ 1964ರ ಡಿಸೆಂಬರ್‌ನಲ್ಲಿ ಟೂರಿಗೆ ಹೊರಟ ವಿಮಾನದಲ್ಲೇ ಕುಸಿದು, ಆಮೇಲೆ ಸ್ಟುಡಿಯೋ ಸೇರಿಕೊಂಡ. ಎಕ್ಸ್‌ಟಿಸಿ ಬ್ಯಾಂಡು 1982ರಲ್ಲಿ ಅರ್ಧಕ್ಕೆ ನಿಲ್ಲಿಸಿದ್ದು ಮತ್ತೆ ಟೂರಿಗೆ ಹೋಗಲೇ ಇಲ್ಲ. "ಅವರೆಲ್ಲ ಪೂರ್ತಿ ಬಿಟ್ರು. ನಾನು ಕೇಳ್ತಿರೋದು ಐದು ದಿನಕ್ಕೆ ಒಂದು" ಅಂದೆ. ಒಪ್ಪಲಿಲ್ಲ. ಆದರೆ ಸುಮ್ಮನಾದ.

ಎರಡನೇ ಟೂರಿನಲ್ಲಿ ಐದನೇ ದಿನ ಖಾಲಿ ಬಿಟ್ಟೆವು. ಫಲ ಸೊನ್ನೆ. ಮೊದಲ ಖಾಲಿ ದಿನ ಒಂಬತ್ತು ಗಂಟೆ ವ್ಯಾನಿನಲ್ಲಿ ಕಳೆಯಿತು, ಯಾಕೆಂದರೆ "ಹೇಗಿದ್ರೂ ಖಾಲಿ ತಾನೇ" ಅಂತ ದೂರದ ಊರನ್ನು ಮರುದಿನಕ್ಕೆ ಹಾಕಿದ್ದರು. ಎರಡನೆಯದರಲ್ಲಿ ಎಲ್ಲರೂ ಸೇರಿ ಕುಡಿಯಲು ಹೋದೆವು, ಮರುದಿನದ ಸೌಂಡ್‌ಚೆಕ್‌ನಲ್ಲಿ ಡ್ರಮ್ ಸೆಟ್ಟಿನ ಹೈ-ಹ್ಯಾಟ್ ತಾಳದ ಸದ್ದಿಗೆ ತಲೆ ಸಿಡಿಯುತ್ತಿತ್ತು. ಮೂರನೆಯದರಲ್ಲಿ ನಾನು ಬುದ್ಧಿವಂತ ಅಂದುಕೊಂಡು ರೂಮಿನ ಪರದೆ ಎಳೆದು ಇಡೀ ದಿನ ಫೋನ್ ಹಿಡಿದು ಮಲಗಿದೆ. ಅಂಥ ಕೆಟ್ಟ ದಿನ ಗಿಗ್ ಇದ್ದಾಗಲೂ ಬಂದಿರಲಿಲ್ಲ. ಸಂಜೆ ಆರಕ್ಕೆ ಎದ್ದು ಕನ್ನಡಿ ನೋಡಿಕೊಂಡರೆ, ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ಅಂತ ಗೊತ್ತಾಯಿತು. ರೂಮ್ ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಗಂಟಲೇ ಹೊರಡಲಿಲ್ಲ.

ಆಮೇಲೆ ಹೊಳೆದದ್ದು ಒಂದು ಸಣ್ಣ ವಿಷಯ. ಖಾಲಿ ದಿನಕ್ಕೂ ಒಂದು ಬೇಜಾರಿನ ಕೆಲಸ ಬೇಕು. ಮನೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಅದೇ ತಾನೇ. ಕಸ ಹೊರಗಿಡುವುದು, ಬಿಲ್ ಕಟ್ಟುವುದು. ಟೂರಿನಲ್ಲಿ ಅದಕ್ಕೆ ಬಟ್ಟೆ ಒಗೆಯುವುದನ್ನು ಆರಿಸಿದೆ. ಬೆಳಿಗ್ಗೆ ಹತ್ತಕ್ಕೆ ನಮ್ಮ ನಮ್ಮ ಬಟ್ಟೆ ನಾವೇ ಒಗೆಯಬೇಕು, ಬೇರೆಯವರಿಗೆ ಕೊಡುವ ಹಾಗಿಲ್ಲ. ಆಮೇಲೆ ನಾಲ್ಕು ಗಂಟೆ ಯಾರೂ ಯಾರನ್ನೂ ಹುಡುಕುವ ಹಾಗಿಲ್ಲ, ಗ್ರೂಪಿನಲ್ಲಿ ಮೆಸೇಜೂ ಇಲ್ಲ. ರಾತ್ರಿ ಊಟಕ್ಕೆ ಎಲ್ಲರೂ ಬರಲೇಬೇಕು. ವ್ಯಾನಿನ ಕೀಲಿ ಬೆಳಿಗ್ಗೆಯೇ ನನ್ನ ಕೈಗೆ ಬರುತ್ತದೆ, ರಾತ್ರಿವರೆಗೆ ನಾನು ಕೊಡಲ್ಲ. ಕೀಲಿಯ ವಿಷಯಕ್ಕೆ ಎರಡು ಸಲ ಜೋರು ಜಗಳವೇ ಆಯಿತು.

ಫೋನಿನ ವಿಷಯದಲ್ಲೂ ನಾನು ವರ್ಷಗಟ್ಟಲೆ ತಪ್ಪು ಮಾಡಿದ್ದೆ. ಶೋ ಮುಗಿದ ಮೇಲೆ ಮನೆಗೆ ಫೋನ್ ಮಾಡುತ್ತಿದ್ದೆ. ನನ್ನ ಮೈಯೆಲ್ಲ ಕುದಿಯುತ್ತಿದ್ದರೆ ಅಲ್ಲಿ ಅವರು ಅರೆನಿದ್ದೆ. "ಏನು ವಿಶೇಷ?" "ಏನಿಲ್ಲ, ಅಲ್ಲಿ?" "ಇಲ್ಲೂ ಏನಿಲ್ಲ." ಇಟ್ಟಮೇಲೆ ಮೊದಲಿಗಿಂತ ಖಾಲಿ. ಇನ್ನೊಂದು, ಸ್ಟೇಜಿನಿಂದ ಇಳಿದ ಕಿವಿಗೆ ಮಗಳ ದನಿ ಹತ್ತಿಯ ಮೂಟೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಸದ್ದು 85 ಡೆಸಿಬಲ್ ಆದರೆ ಕಿವಿ ದಿನಕ್ಕೆ ಎಂಟು ಗಂಟೆ ತಡೆಯಬಹುದು, ಅಲ್ಲಿಂದ ಮೂರು ಮೂರು ಏರಿದ ಹಾಗೆ ಹೊತ್ತು ಅರ್ಧ ಅರ್ಧ ಆಗುತ್ತದೆ ಅನ್ನುವ ಲೆಕ್ಕ ನಿಮಗೂ ಗೊತ್ತಿರಬಹುದು. 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ನಮ್ಮ ಡ್ರಮ್ಮರ್ ಪಕ್ಕ ನಿಂತವನಿಗೆ ಎರಡು ಹಾಡಿಗೇ ಕೋಟಾ ಮುಗಿಯುತ್ತದೆ. ಅಳತೆ ಕೊಟ್ಟು ಮಾಡಿಸಿದ ಇಯರ್‌ಪ್ಲಗ್ ಹಾಕಲು ಶುರು ಮಾಡಿದ್ದು ಕಿವಿ ಉಳಿಸಲು ಅನ್ನುವುದಕ್ಕಿಂತ, ಮಗಳ ದನಿ ಸರಿಯಾಗಿ ಕೇಳಲಿ ಅಂತ.

ಈಗ ಫೋನ್ ಸೌಂಡ್‌ಚೆಕ್‌ಗೆ ಮೊದಲೇ. "ಏನು ವಿಶೇಷ" ಅಂತ ಕೇಳುವ ಹಾಗಿಲ್ಲ. ಫೋನನ್ನು ಆಂಪ್ (ಗಿಟಾರ್ ಸದ್ದು ಏರಿಸುವ ಪೆಟ್ಟಿಗೆ) ಮೇಲೆ ನಿಲ್ಲಿಸಿ ನಾನು ತಂತಿ ಬದಲಿಸುತ್ತೇನೆ. ಆ ಕಡೆ ಮಗಳು ಮಗ್ಗಿ ಬರೆಯುತ್ತಾಳೆ, ಅವಳಮ್ಮ ತರಕಾರಿ ಹೆಚ್ಚುತ್ತಾಳೆ. 20 ನಿಮಿಷ. ಕೆಲವು ದಿನ ಯಾರೂ ಮಾತೇ ಆಡುವುದಿಲ್ಲ. ಒಂದು ದಿನ ಮಗಳು ತಲೆ ಎತ್ತಿ "ಅಪ್ಪಾ, ಆ ತಂತಿ ಇನ್ನೂ ಸ್ವಲ್ಪ ಬಿಗಿ ಆಗ್ಬೇಕು" ಅಂದಳು. ಹೌದು, ಇಳಿದಿತ್ತು. ಬೇರೆ ದೇಶದಲ್ಲಿದ್ದಾಗ ಹೊತ್ತು ಹೊಂದಿಸುವುದು ಕಷ್ಟ. ಅದಕ್ಕೆ ಅವರ ಹೊತ್ತಿಗೆ ನಾನೇ ಏಳುತ್ತೇನೆ, ಅವರನ್ನು ಎಬ್ಬಿಸುವುದಿಲ್ಲ.

ನಡುವೆ ಒಂದು ಪ್ರಯೋಗ ಕೈಕೊಟ್ಟಿತು. ಮನೆಯ ಅಡುಗೆಮನೆ ಸದ್ದನ್ನು ಒಂದು ಗಂಟೆ ರೆಕಾರ್ಡ್ ಮಾಡಿಕೊಂಡು ಹೋದೆ. ಒಳ್ಳೆಯ ಮೈಕು, ಒಳ್ಳೆಯ ಇಂಟರ್‌ಫೇಸು. ಹೋಟೆಲಿನಲ್ಲಿ ಅದನ್ನು ಸಣ್ಣಗೆ ಹಾಕಿ ಮಲಗಿದರೆ ನಿದ್ದೆ ಬರುತ್ತದೆ ಅಂತ ಲೆಕ್ಕ. ಬಂತು ಕೂಡ. ಆದರೆ 40ನೇ ನಿಮಿಷದಲ್ಲಿ ಕಾಲಿಂಗ್ ಬೆಲ್ ಹೊಡೆದದ್ದೂ ರೆಕಾರ್ಡ್ ಆಗಿತ್ತು. ದಡಬಡ ಎದ್ದು ಬಾಗಿಲು ತೆಗೆದರೆ ಉದ್ದದ ಕಾರಿಡಾರು, ಒಂದು ನರಪಿಳ್ಳೆ ಇಲ್ಲ. ಬರೀ ಕಾಲಲ್ಲಿ ಅಲ್ಲಿ ನಿಂತಾಗ ಆದ ಸಂಕಟ ಬೇಡ. ಬೆಲ್ ಕತ್ತರಿಸಿ ಹಾಕಿ ನೋಡು ಅಂತ ಬೇಸ್ ನುಡಿಸುವವನು ಹೇಳಿದ. ನಾನು ಫೈಲನ್ನೇ ಅಳಿಸಿದೆ.

ಸಾಮಾನು ಇಳಿಸಿದ್ದು ಇನ್ನೊಂದು ದೊಡ್ಡ ಗೆಲುವು. ನನ್ನ ಆಂಪಿನ 100 ವಾಟ್ ವಾಲ್ವ್ ಹೆಡ್ಡು ಹತ್ತಿರ ಹತ್ತಿರ 20 ಕಿಲೋ. ಅದರ ಸ್ಪೀಕರ್ ಕ್ಯಾಬಿನೆಟ್ ಎತ್ತಲು ಇಬ್ಬರು ಬೇಕು. ಅದನ್ನು ಬಿಟ್ಟು, ಆಂಪಿನ ಸದ್ದನ್ನು ಅನುಕರಿಸುವ ಸಣ್ಣ ಡಬ್ಬಿ, ಮಾಡೆಲರ್, ತಗೊಂಡಾಗ ಎಲ್ಲರೂ ಅಣಕಿಸಿದರು, "ಡಬ್ಬಿಯಲ್ಲಿ ರಾಕ್ ನುಡಿಸ್ತಾನೆ" ಅಂತ. ಟೋನ್ ಕಡಿಮೆ ಆಯಿತಾ? ನನ್ನ ಕಿವಿಗೆ ಆಯಿತು, ಜನರ ಕಿವಿಗೆ ಆಗಲಿಲ್ಲ. ಎಲ್ಲರೂ ಒಂದೊಂದು ಇಳಿಸಿದ ಮೇಲೆ ಲೋಡ್-ಔಟ್ 50 ನಿಮಿಷದಿಂದ 20ಕ್ಕೆ ಬಂತು. ಅಂದರೆ ಎಲ್ಲರಿಗೂ ದಿನಾ ಅರ್ಧ ಗಂಟೆ ಜಾಸ್ತಿ ನಿದ್ದೆ. ವಿಮಾನದಲ್ಲಿ ಪ್ರತಿ ಕೇಸು 23 ಕಿಲೋ ಒಳಗೆ ಇರುವ ಹಾಗೆ ಜೋಡಿಸಿದ್ದರಿಂದ ಹೆಚ್ಚುವರಿ ತೂಕದ ದುಡ್ಡೂ ಉಳಿಯಿತು. ಪವರ್ ಬ್ಯಾಂಕನ್ನು ಮರೆತು ಲಗೇಜಿಗೆ ಹಾಕಿ, ಕೇಸು ಬಿಚ್ಚಿಸಿ, ವಿಮಾನ ತಪ್ಪಿಸಿಕೊಂಡ ಕಥೆ ಬೇರೆ ಇದೆ. ಅದು ನನ್ನದೇ ತಪ್ಪು, ಆ ದುಡ್ಡು ನನ್ನ ಪಾಲಿನಿಂದಲೇ ಹೋಯಿತು.

ಶೋ ಏರ್ಪಡಿಸುವ ಪ್ರಮೋಟರ್‌ಗೆ ನಮಗೆ ಏನೇನು ಬೇಕು ಅಂತ ಕೊಡುವ ಪಟ್ಟಿಗೆ ರೈಡರ್ ಅನ್ನುತ್ತಾರೆ. ಅದರಲ್ಲಿ ಈಗ ಊಟ, ಪಾನೀಯದ ಸಾಲುಗಳನ್ನು ಅರ್ಧಕ್ಕೆ ಇಳಿಸಿದ್ದೇವೆ. ಬದಲಿಗೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಖಾಲಿ ಕೋಣೆ ಬೇಕು, ಸಂಜೆ ಒಂದು ಗಂಟೆ ಹೊತ್ತು, ಒಬ್ಬೊಬ್ಬರಿಗೆ 15 ನಿಮಿಷ. ಪ್ರಮೋಟರ್‌ಗಳು ಓದಿದ್ದಾರೋ ಇಲ್ಲವೋ ತಿಳಿಯಲು ವ್ಯಾನ್ ಹೇಲನ್ ಬ್ಯಾಂಡು 1982ರ ಟೂರಿನ ರೈಡರ್‌ನಲ್ಲಿ ಕಂದು ಬಣ್ಣದ ಎಂ ಆಂಡ್ ಎಂ ಚಾಕೊಲೇಟ್ ಗುಳಿಗೆ ಒಂದೂ ಇರಬಾರದು ಅಂತ ಹಾಕಿದ್ದು ನಿಮಗೂ ಗೊತ್ತಿರಬಹುದು. ನಮ್ಮದರಲ್ಲೂ ಅಂಥದ್ದೊಂದು ಸಾಲು ಇದೆ. ಅದೇನು ಅಂತ ಇಲ್ಲಿ ಹೇಳಿದರೆ ಕೆಲಸ ಕೆಡುತ್ತದೆ. ಶೋ ಮುಗಿದ ಮೇಲೆ ಮೂರು ಗಂಟೆವರೆಗೆ ಕಣ್ಣು ಮುಚ್ಚದ ತೊಂದರೆಗೆ ನಾನು ಕಂಡುಕೊಂಡ ಉಪಾಯವನ್ನೂ ಹೇಳಲ್ಲ. ಮಾತ್ರೆ ಅಲ್ಲ, ಮದ್ಯ ಅಲ್ಲ, ಅಷ್ಟು ತಿಳಿದಿದ್ದರೆ ಸಾಕು. ಒಟ್ಟಿಗೆ ಟೂರ್ ಮಾಡೋಣ, ಆಗ ನೀವೇ ನೋಡುತ್ತೀರಿ.

ಮೂರನೇ ಟೂರಿನ ಲೆಕ್ಕ ಕೇಳಿ. ಮತ್ತೆ 40 ದಿನ. ಎಂಟು ಖಾಲಿ, 32 ಗಿಗ್. ಒಂದು ರದ್ದಾಯಿತು, ಅದೂ ಹಾಲ್‌ನಲ್ಲಿ ಕರೆಂಟ್ ಹೋಗಿದ್ದಕ್ಕೆ. ನುಡಿಸಿದ್ದು 31. ಮೊದಲ ಟೂರಿನಲ್ಲಿ 36 ಒಪ್ಪಿಕೊಂಡು, ಐದು ರದ್ದಾಗಿ, ನುಡಿಸಿದ್ದೂ 31! ಸಮ ಸಮ. ಆದರೆ ಈ ಸಲ ಡಾಕ್ಟರ್ ಖರ್ಚಿಲ್ಲ, ರದ್ದು ಮಾಡಿದ್ದಕ್ಕೆ ವಾಪಸ್ ಕಟ್ಟಿದ ಅಡ್ವಾನ್ಸ್ ಇಲ್ಲ, ಕೊನೇ ಗಳಿಗೆಯಲ್ಲಿ ದುಪ್ಪಟ್ಟು ಕೊಟ್ಟು ಹಿಡಿದ ರೂಮಿಲ್ಲ. ಆಗ ನೂರಕ್ಕೆ ಐದು ಉಳಿದಿದ್ದ ಕಡೆ ಈಗ ಒಂಬತ್ತೋ ಹತ್ತೋ ಉಳಿಯಿತು. ಮ್ಯಾನೇಜರ್ ಎರಡು ಸಲ ಕೂಡಿಸಿ ನೋಡಿ "ಹೂಂ" ಅಂದರು. ಅವರ ಬಾಯಿಂದ ಅಷ್ಟು ಬಂದರೆ ಸನ್ಮಾನ ಮಾಡಿದ ಹಾಗೆ.

ಎಲ್ಲ ಸರಿ ಹೋಗಿದೆ ಅಂತ ಅಲ್ಲ. ಮನೆಗೆ ಬಂದ ಮೊದಲ ಮೂರು ದಿನ ಈಗಲೂ ನಾನು ಸರಿ ಇರುವುದಿಲ್ಲ. ರಾತ್ರಿ ಒಂಬತ್ತಾದರೆ ಕಾಲು ತಾನಾಗಿ ತಾಳ ಹಾಕುತ್ತದೆ, ಸುಮ್ನೆ ಸಿಡುಕುತ್ತೇನೆ. ಆ ಮೂರು ದಿನ ಯಾವ ತೀರ್ಮಾನವನ್ನೂ ಮಾಡಬಾರದು ಅಂತ ನಾನೂ ಹೆಂಡತಿಯೂ ಒಪ್ಪಿಕೊಂಡಿದ್ದೇವೆ. ಹೋದ ಸಲ ಎರಡನೇ ದಿನವೇ ಬ್ಯಾಂಡ್ ಬಿಡುತ್ತೇನೆ ಅಂದೆ. "ನಾಲ್ಕನೇ ದಿನ ಹೇಳು" ಅಂದಳು. ನಾಲ್ಕನೇ ದಿನ ರಿಹರ್ಸಲ್ ಇತ್ತು, ಹೋದೆ.

ಮುಂದಿನ ಟೂರು 30 ದಿನ. ಐದನೇ ದಿನಗಳಿಗೆಲ್ಲ ಕೆಂಪು ಗೆರೆ ಎಳೆದು ಪಟ್ಟಿ ಕಳಿಸಿದ್ದಾಗಿದೆ. 15ನೇ ದಿನಕ್ಕೆ ಆಗಲೇ ಒಬ್ಬ ಪ್ರಮೋಟರ್ ಫೋನ್ ಮಾಡಿ, ದುಡ್ಡು ಒಂದೂವರೆ ಪಟ್ಟು ಕೊಡುತ್ತೇನೆ, ಆ ಒಂದು ದಿನ ಬಿಟ್ಟುಕೊಡಿ ಅಂದ. ನಾನು ಸ್ವಲ್ಪ ಮೆತ್ತಗಾದೆ, ಸುಳ್ಳು ಯಾಕೆ ಹೇಳಲಿ. ಡ್ರಮ್ಮರ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡ.

"ಆಗಲ್ಲ ಸಾರ್. ಆವತ್ತು ನಾವು ಬಟ್ಟೆ ಒಗೀಬೇಕು."