ಒಂದೇ ಮರ, ಹತ್ತು ನಿಮಿಷ

ಮೂರು ವರ್ಷದ ಹಿಂದೆ ಒಂದು ಭಾನುವಾರ ಚರ್ಚಿನ ಸಭೆಯಲ್ಲಿ ಸತ್ಯವೇದದ, ಅಂದರೆ ಬೈಬಲ್ಲಿನ, 19ನೇ ಕೀರ್ತನೆ ಓದುವ ಸರದಿ ನನ್ನದಾಗಿತ್ತು. ಆಕಾಶ ದೇವರ ಮಹಿಮೆಯನ್ನು ಸಾರುತ್ತದೆ ಅನ್ನುವ ಕೀರ್ತನೆ. ಚೆನ್ನಾಗಿಯೇ ಓದಿ ಬಂದು ಕೂತೆ. ಆ ವಾರವೆಲ್ಲ ಒಂದು ಸಲವೂ ತಲೆ ಎತ್ತಿ ಆಕಾಶ ನೋಡಿರಲಿಲ್ಲ ಅಂತ ಆಮೇಲೆ ಹೊಳೆಯಿತು.

ನಂಬಿಕೆ ಹೋಗಿರಲಿಲ್ಲ. ಓದು, ಪ್ರಾರ್ಥನೆ, ಕಾಣಿಕೆ ಎಲ್ಲ ನಡೆದೇ ಇತ್ತು. ಬೆರಗು ಮಾತ್ರ ಯಾವಾಗಲೋ ಹೇಳದೆ ಕೇಳದೆ ಎದ್ದು ಹೋಗಿತ್ತು.

ಅದು ಎಲೆಗಳು ಬಣ್ಣ ತಿರುಗುವ ಕಾಲ. ಫೋನ್ ಹಿಡಿದು ಹೊರಟೆ. ನೂರಾರು ಫೋಟೋ ತೆಗೆದೆ, ಒಂದೊಂದರ ಮೇಲೂ ಒಂದು ವಚನ ಅಂಟಿಸಿ ಎಲ್ಲರಿಗೂ ಕಳಿಸಿದೆ. ಲೈಕು ಬಂತು. ಒಂದು ಮರವೂ ನೆನಪಲ್ಲಿ ಉಳಿಯಲಿಲ್ಲ.

ಮರುವರ್ಷ ಫೋನ್ ಮನೆಯಲ್ಲೇ ಬಿಟ್ಟೆ. ಒಂದೇ ಒಂದು ಮೇಪಲ್ ಮರ, ದಿನಾ ಬೆಳಗ್ಗೆ ಹತ್ತು ನಿಮಿಷ. ಅಲ್ಲಿ ನಿಂತಾಗ ಏನನ್ನೂ ಬೇಡಬಾರದು, ಬರೀ ಪ್ರಶ್ನೆ ಕೇಳಬೇಕು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಇದು ಸತ್ಯವೇದದ ಯೋಬನ ಪುಸ್ತಕದಿಂದ ಹೊಳೆದದ್ದು. ತನ್ನ ನೋವಿಗೆ ಕಾರಣ ಕೇಳಿದ ಯೋಬನಿಗೆ ದೇವರು 38ನೇ ಅಧ್ಯಾಯದಲ್ಲಿ ತಿರುಗಿ ಪ್ರಶ್ನೆಗಳನ್ನೇ ಸುರಿಸುತ್ತಾನೆ. ಮಳೆಗೆ ತಂದೆ ಇದ್ದಾನೋ? ಹಿಮದ ಉಗ್ರಾಣ ನೋಡಿದ್ದೀಯೋ?

ಮೊದಲ ವಾರ ಸಿಕ್ಕಾಪಟ್ಟೆ ಬೋರು. ಕಾಲು ಮರಗಟ್ಟುತ್ತಿತ್ತು, ಮನಸ್ಸು ಆಫೀಸಿಗೆ ಓಡುತ್ತಿತ್ತು. ಎರಡನೇ ವಾರ ಒಂದು ಪ್ರಶ್ನೆ ಹುಟ್ಟಿತು: ಈ ಹಳದಿ ಎಲ್ಲಿಂದ ಬಂತು?

ಹುಡುಕಿ ಓದಿದೆ. ಅದು ಬಂದದ್ದೇ ಅಲ್ಲ, ಮೊದಲಿಂದ ಇದ್ದದ್ದು! ಹಗಲು ಚಿಕ್ಕದಾಗಿ ಚಳಿ ಹತ್ತಿದಾಗ ಎಲೆಯ ಹಸಿರು, ಅಂದರೆ ಕ್ಲೋರೋಫಿಲ್, ಒಡೆದು ಹೋಗುತ್ತದೆ. ಅಷ್ಟು ದಿನ ಅದರಡಿ ಮುಚ್ಚಿಹೋಗಿದ್ದ ಹಳದಿ ಕಾಣಿಸುತ್ತದೆ. ಕೆಂಪು ಹಾಗಲ್ಲ. ಅದನ್ನು ಎಲೆ ತನ್ನಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ಮಾಡಿಕೊಳ್ಳುತ್ತದೆ. ಇನ್ನೇನು ಉದುರುವ ಎಲೆಗೆ ಹೊಸ ಬಣ್ಣದ ಉಸಾಬರಿ ಯಾಕೆ? ವಿಜ್ಞಾನಿಗಳಲ್ಲೂ ಇದಕ್ಕೆ ಒಂದೇ ಉತ್ತರ ಇಲ್ಲ. ತಿಳಿದುಕೊಂಡರೆ ಬೆರಗು ಹೋಗಿಬಿಡುತ್ತೆ ಅಂತಾರಲ್ಲ, ನನಗಂತೂ ಉಲ್ಟಾ ಆಯಿತು. ಜಾಸ್ತಿಯೇ ಆಯಿತು.

ಒಂದು ಬೆಳಗ್ಗೆ ಸುಮ್ನೆ ಒಂದು ತೊಟ್ಟು ಮುಟ್ಟಿದೆ. ಪಟ್ಟನೆ ಕಳಚಿ ಕೈಗೆ ಬಂತು. ಕಿತ್ತ ಜಾಗದಲ್ಲಿ ಹಸಿ ಗಾಯ ಇರಬಹುದು ಅಂದುಕೊಂಡಿದ್ದೆ. ಇರಲಿಲ್ಲ. ಒಣಗಿದ ಸಣ್ಣ ಕಲೆ, ಅಷ್ಟೇ. ಎಲೆ ಬೀಳುವ ಮೊದಲೇ ಮರ ತೊಟ್ಟಿನ ಬುಡದಲ್ಲಿ ಪದರ ಕಟ್ಟಿ ಆ ಬಾಗಿಲು ಮುಚ್ಚಿರುತ್ತದೆ. ಕಲೆಯ ಮೇಲುಗಡೆ ಅಕ್ಕಿಕಾಳಿನಷ್ಟು ಮೊಗ್ಗು. ಮುಂದಿನ ವರ್ಷದ ಚಿಗುರು! ಎಲೆ ಇನ್ನೂ ಹಸಿರಾಗಿದ್ದಾಗಲೇ ಅದರ ಕಂಕುಳಲ್ಲಿ ಕಟ್ಟಿ ಕೂತಿತ್ತು. ಅವತ್ತು ಹತ್ತು ನಿಮಿಷ ಮುಗಿದದ್ದೇ ಗೊತ್ತಾಗಲಿಲ್ಲ. ಬಾಯಿಂದ ಬಂದದ್ದು 'ಸ್ತೋತ್ರ ಕರ್ತನೇ' ಅನ್ನುವ ಎರಡೇ ಪದ.

ಎಲೆ ಉದುರುವುದು ಅಂದರೆ ನಮ್ಮ ಪ್ರಸಂಗಗಳಲ್ಲಿ ಸಾವಿನ ಮಾತೇ ಬರುತ್ತದೆ, ಅಲ್ವಾ? ನಾವೆಲ್ಲ ಎಲೆಯಂತೆ ಬಾಡುತ್ತೇವೆ ಅಂತ ಪ್ರವಾದಿ ಯೆಶಾಯನೂ ಹೇಳಿದ್ದಾನೆ, ಸುಳ್ಳಲ್ಲ. ಆದರೆ ಸತ್ಯವೇದದ ನಾಡಿನಲ್ಲಿ, ಅಂದರೆ ಇಸ್ರೇಲಿನ ಕಡೆ, ಒಣ ಬೇಸಿಗೆ ಮುಗಿದು ಮೊದಲ ಮಳೆ ಬೀಳುವುದು ಇದೇ ಸಮಯಕ್ಕೆ. ಉಳುಮೆ, ಬಿತ್ತನೆ ಶುರುವಾಗುವುದು ಆಗಲೇ. ಅದಕ್ಕೆ ಸ್ವಲ್ಪ ಮುಂಚೆ, ಫಸಲೆಲ್ಲ ಕೂಡಿಸಿದ ಮೇಲೆ, ಪರ್ಣಶಾಲೆಗಳ ಹಬ್ಬ. ಏಳು ದಿನ ಕೊಂಬೆ ಎಲೆಗಳ ಗುಡಿಸಿಲಲ್ಲಿ ಇದ್ದು ದೇವರ ಮುಂದೆ ಸಂಭ್ರಮಿಸಬೇಕು ಅಂತ ಯಾಜಕಕಾಂಡ 23ರಲ್ಲಿ ಬರೆದಿದೆ. ಸಂಭ್ರಮಿಸಿದರೆ ಒಳ್ಳೆಯದು ಅಂತಲ್ಲ, ಅದು ಆಜ್ಞೆ. ಇಷ್ಟು ವರ್ಷ ಓದಿಯೂ ನಾನದನ್ನು ಗಮನಿಸಿರಲಿಲ್ಲ.

ಈಗಲೂ ಬೆರಗು ದಿನಾ ಬರುವುದಿಲ್ಲ. ಎಷ್ಟೋ ದಿನ ಸುಮ್ನೆ ನಿಂತು, ಮೂಗು ಒರೆಸಿಕೊಂಡು ವಾಪಸು ಬರುತ್ತೇನೆ.

ಈ ವರ್ಷ ಮೇಪಲ್ ಆಗಲೇ ಬೋಳಾಗಿದೆ. ಪಕ್ಕದಲ್ಲಿ ಒಂದು ಓಕ್ ಇದೆ. ಅದರ ಎಲೆ ಪೂರ್ತಿ ಒಣಗಿ ಕಂದಾಗಿದೆ, ಆದರೂ ಉದುರುತ್ತಿಲ್ಲ. ಗಾಳಿಗೆ ಕಾಗದದ ಹಾಗೆ ಸದ್ದು ಮಾಡುತ್ತದೆ. 'ಯಾಕಪ್ಪಾ ಇದಕ್ಕೆ ಇಷ್ಟು ಹಟ?' ಅಂತ ದಿನಾ ಕೇಳುತ್ತಿದ್ದೇನೆ. ಪುಸ್ತಕ ಇನ್ನೂ ತೆರೆದಿಲ್ಲ. ಇನ್ನೊಂದಿಷ್ಟು ದಿನ ನೋಡುತ್ತೇನೆ.