ಹೊಸಬರಿಗೆ ಮಾರ್ಗದರ್ಶಿ: ಜರ್ಮನಿಯಲ್ಲಿ ಮಕ್ಕಳ ಚಿಕನ್‌ಪಾಕ್ಸ್ ಲಸಿಕೆ

‘ಅಮ್ಮ ಒಂದ್ಸಲ ಬಂದು ಹೋದ್ರೆ ಒಳ್ಳೇದು’ ಅನ್ನುವ ಮಾತು ಇಲ್ಲಿ ಬೇಡ. ಜರ್ಮನಿಯ ಲಸಿಕೆ ಸಮಿತಿ ಸ್ಟೀಕೋ 2004ರಿಂದಲೇ ಎಲ್ಲ ಮಕ್ಕಳಿಗೂ ಇದನ್ನು ಹಾಕಿಸಲು ಹೇಳುತ್ತಿದೆ. 2009ರಿಂದ ಎರಡು ಡೋಸ್, 11 ಮತ್ತು 15ನೇ ತಿಂಗಳಲ್ಲಿ. ಸರ್ಕಾರಿ ವಿಮೆಯಿದ್ದರೆ ಪುಕ್ಕಟೆ. ಮೊದಲ ಸಲ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ) ಒಂದು ಕಡೆ, ಇದು ಇನ್ನೊಂದು ಕಡೆ ಚುಚ್ಚುತ್ತಾರೆ. ಎರಡು ಸೂಜಿ ಯಾಕೆಂದು ವಾದಕ್ಕೆ ನಿಲ್ಲಬೇಡಿ: ನಾಲ್ಕೂ ಸೇರಿದ ಲಸಿಕೆಯನ್ನು ಮೊದಲ ಡೋಸಿಗೇ ಕೊಟ್ಟರೆ 5ರಿಂದ 12 ದಿನದೊಳಗೆ ಜ್ವರದ ಫಿಟ್ಸ್ ಬರುವ ಸಂಭವ ತುಸು ಹೆಚ್ಚು.

ಕಾರ್ಡು

ನಮ್ಮವರು ಎಡವುವುದು ಇಲ್ಲೇ. ತಾಯಿ ಕಾರ್ಡಿನಲ್ಲಿ ಚಿಕನ್‌ಪಾಕ್ಸ್ ಹುಡುಕಬೇಡಿ, ಭಾರತದ ಸರ್ಕಾರಿ ಪಟ್ಟಿಯಲ್ಲೇ ಅದಿಲ್ಲ. ಅಲ್ಲಿರುವ ಎಂಆರ್ ದಡಾರ ಮತ್ತು ರುಬೆಲ್ಲಾಗೆ ಮಾತ್ರ. ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ಆ ಫೈಲು ಕೈಚೀಲದಲ್ಲೇ ಬರಲಿ. ಲಸಿಕೆಯ ಹೆಸರು, ಬ್ಯಾಚ್ ನಂಬರ್, ಹಾಕಿದ ತಾರೀಖು, ಸಹಿ, ಸೀಲು ಎಲ್ಲ ಇರಬೇಕು. ‘ಹಾಕಿಸಬೇಕಾದ ದಿನ’ದ ಎದುರು ಪೆನ್ಸಿಲಿನಲ್ಲಿ ಎಳೆದ ಟಿಕ್ ಮಾರ್ಕ್ ಯಾರೂ ಒಪ್ಪುವುದಿಲ್ಲ. ಬರಹದಲ್ಲಿಲ್ಲದ ಡೋಸ್ ಹಾಕಿಸಿಲ್ಲ ಎಂದೇ ಲೆಕ್ಕ. ಮತ್ತೊಮ್ಮೆ ಹಾಕಿಸಿದರೆ ಅಪಾಯವೇನಿಲ್ಲ, ಊರಿಗೆ ಫೋನ್ ಮಾಡಿ ಹಳೇ ತಾರೀಖಿನ ಚೀಟಿ ತರಿಸುವ ಜಾಣತನ ಬೇಡವೇ ಬೇಡ. ಒಂದು ಡೋಸ್ ಆಗಿದ್ದರೆ ಉಳಿದದ್ದು ಎರಡನೆಯದಷ್ಟೇ. ಎಂಎಂಆರ್ ಜೊತೆ ಅದೇ ದಿನ ಹಾಕಿಸಿ. ತಪ್ಪಿದರೆ 4 ವಾರ ಕಾಯಬೇಕು.

ಕೀಟಾಗೆ (ಇಲ್ಲಿನ ಶಿಶುವಿಹಾರಕ್ಕೆ) ಸೇರಿಸಲು 2020ರ ಮಾರ್ಚ್‌ನಿಂದ ಕಡ್ಡಾಯವಾಗಿರುವುದು ದಡಾರದ್ದು, ಇದಲ್ಲ.

ಬಂದೇಬಿಟ್ಟರೆ

- ಕೀಟಾಗೆ ತಕ್ಷಣ ತಿಳಿಸಿ. ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆಗಟ್ಟುವವರೆಗೆ ಕಳಿಸಬೇಡಿ.
- ಫೋನ್ ಮಾಡದೆ ಕ್ಲಿನಿಕ್ಕಿಗೆ ಹೋಗಬೇಡಿ.
- ಜ್ವರಕ್ಕೆ ಪ್ಯಾರಾಸಿಟಮಾಲ್. ಐಬುಪ್ರೊಫೇನ್, ಆಸ್ಪಿರಿನ್ ಕೂಡದು.
- ಬೇವಿನ ಸೊಪ್ಪು ನಿಮ್ಮಿಷ್ಟ. ಸ್ನಾನ ನಿಲ್ಲಿಸಬೇಡಿ, ಉಗುರು ಕತ್ತರಿಸಿ.
- ಲಸಿಕೆಯಾಗದ ಮಕ್ಕಳು ಜೊತೆಗಿದ್ದರೆ ಸಂಪರ್ಕವಾದ 5 ದಿನದೊಳಗೆ ಹಾಕಿಸಬಹುದು.

ಗುಳ್ಳೆ ಏಳುವ ಎರಡು ದಿನ ಮೊದಲೇ ಹರಡುವ ರೋಗವಿದು. ಹಬ್ಬದೂಟಕ್ಕೆ ಬಂದಿದ್ದ ಮಗುವಿಗೆ ಮರುದಿನ ಗುಳ್ಳೆ ಕಂಡರೆ ಮುಚ್ಚಿಡಬೇಡಿ. ಬಸುರಿಯರಿಗೆ ಅಂದೇ ಹೇಳಿ. ಸೆಕೆಯ ನಾಡಿನಲ್ಲಿ ಬೆಳೆದ ಎಷ್ಟೋ ಮಂದಿಗೆ ಚಿಕ್ಕಂದಿನಲ್ಲಿ ಇದು ಬಂದೇ ಇರುವುದಿಲ್ಲ. ಮಗು ಬಯಸುವವರು ಮೊದಲೇ ರಕ್ತಪರೀಕ್ಷೆ ಮಾಡಿಸಲಿ. ಬಸುರಾದ ಮೇಲೆ ಈ ಲಸಿಕೆ ಕೊಡುವುದಿಲ್ಲ.

ಬೇರೆ ದೇಶಕ್ಕೆ ವರ್ಗವಾದರೆ

ಇಟಲಿ: 2017ರಿಂದ ಹುಟ್ಟಿದವರಿಗೆ ಕಡ್ಡಾಯ. ಫಿನ್ಲೆಂಡ್: 2017ರಿಂದ ಪಟ್ಟಿಯಲ್ಲಿದೆ. ಐರ್ಲೆಂಡ್: 2024ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ. ಬ್ರಿಟನ್: 2026ರ ಜನವರಿಯಿಂದ, 12 ಮತ್ತು 18ನೇ ತಿಂಗಳಲ್ಲಿ. ನೆದರ್ಲೆಂಡ್ಸ್‌ನಲ್ಲಿ ಎಲ್ಲ ಮಕ್ಕಳಿಗೂ ಹಾಕುವ ಪದ್ಧತಿಯಿಲ್ಲ. ಅಲ್ಲಿಂದ ಜರ್ಮನಿಗೆ ಬಂದವರು ಮೊದಲ ಭೇಟಿಯಲ್ಲೇ ಡಾಕ್ಟರನ್ನು ಕೇಳಿ ಎರಡೂ ಡೋಸಿಗೆ ದಿನ ಹಾಕಿಸಿಕೊಳ್ಳಿ.