ಸಭೆಯ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವ ಮುನ್ನ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಂಬಿ ಮೀಟಿಂಗ್ ನಡೆಸಿದರೆ ನಿರ್ಧಾರ ಕೆಡುವ ಸಂಭವವೇ ಹೆಚ್ಚು. ‘ಯಾರದ್ದಾದರೂ ಆಕ್ಷೇಪ ಇದೆಯಾ?’ ಎಂದು ಕೇಳಿ, ಮೂರು ಸೆಕೆಂಡು ಕಾದು, ಮುಂದಿನ ವಿಷಯಕ್ಕೆ ಹೋಗುತ್ತೇವೆ. ಆ ಮೂರು ಸೆಕೆಂಡಿನಲ್ಲಿ ಒಪ್ಪಿಗೆ ಇರಬಹುದು. ದಣಿವು, ಮೇಲಿನವರ ಭಯ, ‘ನನಗೊಬ್ಬನಿಗೇ ಹೀಗನ್ನಿಸುತ್ತಿದೆಯೇನೋ’ ಎಂಬ ಅಳುಕು ಕೂಡ ಇರಬಹುದು. ಹೊರಗಿನಿಂದ ಇವೆಲ್ಲ ಒಂದೇ ಥರ ಕಾಣುತ್ತವೆ. ಇವನ್ನು ಬೇರ್ಪಡಿಸುವ ವಿಧಾನ ಕೆಳಗಿದೆ. ಐದರಿಂದ ಒಂಬತ್ತು ಜನ, ಒಂದೂವರೆ ಗಂಟೆ, ಒಂದು ಬೋರ್ಡ್, ಒಂದಿಷ್ಟು ಚೀಟಿ ಇದ್ದರೆ ಸಾಕು.

ಜನ ಬಾಯಿ ಬಿಡದಿರುವುದೇಕೆ

ಕಾರಣ ತಿಳಿಯದೆ ಹಂತಗಳನ್ನಷ್ಟೇ ಪಾಲಿಸಿದರೆ ಅವು ಬರೀ ಶಾಸ್ತ್ರವಾಗುತ್ತವೆ. 1950ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸವೊಂದನ್ನು ಕೊಟ್ಟರು. ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಒಳಗಾದವರು ಸುಮಾರು ಮೂರನೇ ಒಂದು ಪಾಲು ಸಲ ಆ ತಪ್ಪನ್ನೇ ಹೇಳಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಹೀಗೆ ತಲೆಯಾಡಿಸುವುದು ತೀರಾ ಕಡಿಮೆಯಾಗುತ್ತಿತ್ತು. ಧೈರ್ಯ ಬರಲು ಬಹುಮತ ಬೇಕಿಲ್ಲ, ಜೊತೆಗೊಬ್ಬರು ಬೇಕು.

ಇನ್ನೊಂದು ಕಾರಣಕ್ಕೆ ಭಯದ ಸಂಬಂಧವೇ ಇಲ್ಲ. 1985ರ ಒಂದು ಪ್ರಯೋಗದಲ್ಲಿ ಮನೋವಿಜ್ಞಾನಿಗಳಾದ ಗ್ಯಾರೊಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಅಭ್ಯರ್ಥಿಗಳ ವಿವರಗಳನ್ನು ಗುಂಪಿನ ಸದಸ್ಯರಿಗೆ ಹಂಚಿಕೊಟ್ಟರು. ಕೆಲವು ವಿವರ ಎಲ್ಲರಿಗೂ ಗೊತ್ತಿದ್ದವು, ಕೆಲವು ಒಬ್ಬೊಬ್ಬರಿಗೆ ಮಾತ್ರ. ಎಲ್ಲವನ್ನೂ ಕೂಡಿಸಿದರೆ ಯಾರು ಉತ್ತಮ ಎಂಬುದು ಸ್ಪಷ್ಟವಿತ್ತು. ಆದರೂ ಬಹುಪಾಲು ಗುಂಪುಗಳು ಬೇರೆಯವರನ್ನು ಆರಿಸಿದವು. ಎಲ್ಲರಿಗೂ ಗೊತ್ತಿದ್ದ ವಿಷಯವೇ ಮತ್ತೆ ಮತ್ತೆ ಚರ್ಚೆಗೆ ಬರುತ್ತದೆ, ಒಬ್ಬರಿಗಷ್ಟೇ ಗೊತ್ತಿದ್ದದ್ದು ಅವರಲ್ಲೇ ಉಳಿಯುತ್ತದೆ. ಚರ್ಚೆ ಜೋರಾಗಿ ನಡೆದ ಮಾತ್ರಕ್ಕೆ ಮಾಹಿತಿ ಹೊರಬಂತು ಎಂದುಕೊಳ್ಳಬೇಡಿ.

ಹಂತ 1: ಪ್ರಶ್ನೆಯನ್ನು ಬರೆಯಿರಿ (10 ನಿಮಿಷ)

‘ಹೊಸ ತಂತ್ರಾಂಶದ ಬಗ್ಗೆ ಚರ್ಚೆ’ ಎಂಬುದು ಪ್ರಶ್ನೆಯಲ್ಲ. ‘ಈಗಿನ ತಂತ್ರಾಂಶ ಬದಲಿಸಬೇಕೇ, ಬದಲಿಸಿದರೆ ಯಾವಾಗ?’ ಎಂಬುದು ಪ್ರಶ್ನೆ. ಅದರ ಕೆಳಗೆ, ಒಳ್ಳೆಯ ನಿರ್ಧಾರಕ್ಕೆ ಇರಬೇಕಾದ ಮೂರು ನಾಲ್ಕು ಅಳತೆಗೋಲು ಬರೆಯಿರಿ: ಖರ್ಚಿನ ಮಿತಿ, ಗಡುವು, ಯಾರಿಗೆ ತೊಂದರೆಯಾಗಬಾರದು ಎಂಬುದು. ಆಯ್ಕೆಗಳು ಮೇಜಿನ ಮೇಲೆ ಬಂದ ನಂತರ ಅಳತೆಗೋಲು ಮಾಡಲು ಕೂತರೆ, ಪ್ರತಿಯೊಬ್ಬರೂ ತಮ್ಮ ಆಯ್ಕೆಗೆ ಹೊಂದುವ ಕೋಲನ್ನೇ ತರುತ್ತಾರೆ.

ಹಂತ 2: ಮಾತಿಲ್ಲದೆ ಬರೆಯಿರಿ (10 ನಿಮಿಷ)

ಇಡೀ ವಿಧಾನದ ಜೀವಾಳ ಇದೇ. ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರೂ ವ್ಯಾನ್ ಡಿ ವೆನ್ 1971ರಲ್ಲಿ ಮುಂದಿಟ್ಟ ‘ನಾಮಿನಲ್ ಗ್ರೂಪ್’ (ಹೆಸರಿಗಷ್ಟೇ ಗುಂಪು) ವಿಧಾನ ಶುರುವಾಗುವುದೇ ಇಲ್ಲಿಂದ. ಪ್ರತಿಯೊಬ್ಬರೂ ತಮಗೆ ಹೊಳೆದ ಆಯ್ಕೆಗಳನ್ನು, ಜೊತೆಗೆ ‘ಇದು ಬಹುಶಃ ನನಗೆ ಮಾತ್ರ ಗೊತ್ತಿರಬಹುದು’ ಎನ್ನುವ ಒಂದಾದರೂ ಸಂಗತಿಯನ್ನು ಚೀಟಿಯಲ್ಲಿ ಬರೆಯಬೇಕು. ಈ ಎರಡನೆಯದನ್ನು ಸೇರಿಸಿದ್ದು ನಾವು. ಬಾಯಿಗೆ ಬಾರದ ಮಾಹಿತಿಯನ್ನು ಎಳೆದು ತರಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ, ನಾಲ್ಕನೇ ನಿಮಿಷಕ್ಕೆ ಯಾರೋ ಒಬ್ಬರು ಪೆನ್ನು ಕೆಳಗಿಟ್ಟು ಮಾತು ತೆಗೆಯುತ್ತಾರೆ. ಅಲ್ಲಿಗೆ ಉಳಿದವರ ಯೋಚನೆ ಅವರ ಮಾತಿನ ಹಿಂದೆ ಹೋಯಿತು. ಬರೆದು ಮುಗಿಸಿದವರೂ ಸಮಯ ಆಗುವವರೆಗೆ ಸುಮ್ಮನಿರಬೇಕು ಎಂದು ಮೊದಲೇ ಹೇಳಿಬಿಡಿ.

ಹಂತ 3: ಸರದಿಯಲ್ಲಿ ಒಂದೊಂದೇ (15ರಿಂದ 20 ನಿಮಿಷ)

ಒಬ್ಬೊಬ್ಬರೂ ಚೀಟಿಯಿಂದ ಒಂದೊಂದೇ ಅಂಶ ಓದುತ್ತಾ ಸುತ್ತು ಬರಬೇಕು. ಒಬ್ಬರು ಅದನ್ನು ಹೇಳಿದವರ ಮಾತಿನಲ್ಲೇ ಬೋರ್ಡಿಗೆ ಏರಿಸಬೇಕು. ಟೀಕೆ ಬೇಡ, ‘ಬಹಳ ಚೆನ್ನಾಗಿದೆ’ ಎಂಬ ಮೆಚ್ಚುಗೆಯೂ ಬೇಡ, ಏಕೆಂದರೆ ಮೆಚ್ಚುಗೆಯೂ ಉಳಿದವರಿಗೆ ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುತ್ತದೆ. ಹೊಸಬರು, ಕಿರಿಯರು ಮೊದಲು ಓದಲಿ. ಮುಖ್ಯಸ್ಥರದ್ದು ಕೊನೆಯ ಸರದಿ, ಇದರಲ್ಲಿ ರಿಯಾಯಿತಿ ಇಲ್ಲ.

1962ರ ಅಕ್ಟೋಬರ್‌ನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, ತಮ್ಮೆದುರು ಸಲಹೆಗಾರರು ಮಾತು ನುಂಗಬಾರದೆಂದು, ಕೆಲವು ಸಭೆಗಳಿಂದ ಬೇಕೆಂದೇ ಹೊರಗುಳಿದಿದ್ದರು. ಅದಕ್ಕೂ ಒಂದೂವರೆ ವರ್ಷ ಮೊದಲು, 1961ರ ಏಪ್ರಿಲ್‌ನಲ್ಲಿ, ಕ್ಯೂಬಾದ ಸರ್ಕಾರವನ್ನು ಉರುಳಿಸಲು ಅಮೆರಿಕ ಮಾಡಿಸಿದ ಬೇ ಆಫ್ ಪಿಗ್ಸ್ ದಾಳಿ ಹೀನಾಯವಾಗಿ ಸೋತಿತ್ತು. ಅದರ ತಯಾರಿಯ ವೇಳೆ ಸಲಹೆಗಾರ ಆರ್ಥರ್ ಶ್ಲೆಸಿಂಜರ್ ತಮ್ಮ ವಿರೋಧವನ್ನು ಟಿಪ್ಪಣಿಯಲ್ಲಿ ಬರೆದುಕೊಟ್ಟಿದ್ದರು, ಸಭೆಯಲ್ಲಿ ಮಾತ್ರ ಸುಮ್ಮನಿದ್ದರು. ಈ ಎರಡೂ ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮನೋವಿಜ್ಞಾನಿ ಅರ್ವಿಂಗ್ ಜಾನಿಸ್, 1972ರಲ್ಲಿ, ಒಮ್ಮತದ ಆಸೆಗೆ ಗುಂಪು ತನ್ನ ಅನುಮಾನಗಳನ್ನು ನುಂಗಿಕೊಳ್ಳುತ್ತದೆ ಎಂಬ ‘ಗ್ರೂಪ್‌ಥಿಂಕ್’ ಸಿದ್ಧಾಂತ ಮಂಡಿಸಿದರು. ಎರಡೂ ಕಡೆ ಕೂತಿದ್ದವರು ಹೆಚ್ಚುಕಡಿಮೆ ಅದೇ ಜನ. ಬದಲಾಗಿದ್ದು ಕೂತು ಮಾತಾಡುವ ಕ್ರಮ.

ಹಂತ 4: ಸ್ಪಷ್ಟನೆ, ಆಮೇಲೆ ಅಂಕ (30 ನಿಮಿಷ)

ಮೊದಲು ‘ಇದರ ಅರ್ಥವೇನು?’ ಎಂಬ ಪ್ರಶ್ನೆಗಳು ಮಾತ್ರ. ನಂತರ ಪ್ರತಿ ಆಯ್ಕೆಯನ್ನೂ ಅಳತೆಗೋಲುಗಳಿಗೆ ಹಿಡಿದು, ಲಾಭ ನಷ್ಟ ಎರಡನ್ನೂ ಬರೆಯಿರಿ. ನಷ್ಟದ ಕಡೆ ಹೆಚ್ಚು ಹೊತ್ತು ನಿಲ್ಲಿ. ಗುಂಪುಗಳು ಅವಸರ ಮಾಡುವುದು ಅಲ್ಲೇ.

ಆಮೇಲೆ ಪ್ರತಿಯೊಬ್ಬರೂ ಗುಟ್ಟಾಗಿ ತಮಗೆ ಸರಿಕಂಡ ಐದು ಆಯ್ಕೆಗಳಿಗೆ 5, 4, 3, 2, 1 ಎಂದು ಅಂಕ ಕೊಡಲಿ. ಮೊತ್ತವನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ಏಳು ಜನರ ಗುಂಪಿನಲ್ಲಿ ಎಲ್ಲರೂ 3 ಕೊಟ್ಟ ಆಯ್ಕೆಗೂ 21 ಬರುತ್ತದೆ. ನಾಲ್ವರು 5, ಒಬ್ಬರು 1 ಕೊಟ್ಟು, ಇಬ್ಬರು ಏನೂ ಕೊಡದ ಆಯ್ಕೆಗೂ 21 ಬರುತ್ತದೆ. ಎರಡನೆಯದರಲ್ಲಿ ಗುಂಪು ಒಡೆದಿದೆ. ಕಡಿಮೆ ಕೊಟ್ಟವರಿಗೆ ಏನೋ ಗೊತ್ತಿದೆ ಎಂದೇ ತಿಳಿದು, ‘ಈ ಆಯ್ಕೆಗೆ ಕಡಿಮೆ ಅಂಕ ಬರಲು ಏನೇನು ಕಾರಣ ಇರಬಹುದು?’ ಎಂದು ಎಲ್ಲರನ್ನೂ ಕೇಳಿ. ಯಾರು ಕಡಿಮೆ ಕೊಟ್ಟಿರಿ ಎಂದು ಕೇಳಿದರೆ ಗುಟ್ಟಿನ ಮತಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಂತ 5: ಸೋತಿದ್ದೇವೆ ಎಂದುಕೊಳ್ಳಿ (15 ನಿಮಿಷ)

‘ಒಂದು ವರ್ಷವಾಗಿದೆ. ನಮ್ಮ ನಿರ್ಧಾರ ಪೂರ್ತಿ ಕೆಟ್ಟಿದೆ. ಏಕೆ ಕೆಟ್ಟಿತು ಎಂದು ಬರೆಯಿರಿ.’ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಇದನ್ನು ‘ಪ್ರಿ-ಮಾರ್ಟಮ್’ ಎಂದು ಕರೆದರು. ‘ಕೆಡಬಹುದೇ?’ ಎಂದು ಕೇಳಿದರೆ ಅನುಮಾನ ಹೇಳುವವರು ಅಪಶಕುನ ನುಡಿದಂತಾಗುತ್ತದೆ. ‘ಕೆಟ್ಟಿದೆ, ಕಾರಣ ಹೇಳಿ’ ಎಂದರೆ ಕಾರಣ ಹುಡುಕುವುದೇ ಜಾಣತನವಾಗುತ್ತದೆ. ವಾದಕ್ಕೋಸ್ಕರ ಒಬ್ಬರನ್ನು ವಿರೋಧಿಯ ಪಾತ್ರಕ್ಕೆ ನೇಮಿಸುವ ಪದ್ಧತಿಗಿಂತ ಇದನ್ನೇ ನಾವು ಮೇಲು ಎನ್ನುತ್ತೇವೆ. ಅದು ಪಾತ್ರ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಆ ವಿರೋಧಕ್ಕೆ ತೂಕ ಬರುವುದಿಲ್ಲ.

ಸಭೆಯ ಹೊರಗಿನ ಕೆಲಸ

ಒಬ್ಬರನ್ನೊಬ್ಬರು ಅರಿಯದ ಗುಂಪಿನಲ್ಲಿ ಈ ಹಂತಗಳು ಕುಂಟುತ್ತವೆ. ಸಂವಹನ ಸಂಶೋಧಕರಾದ ಚಾರ್ಲ್ಸ್ ಬರ್ಗರ್ ಮತ್ತು ರಿಚರ್ಡ್ ಕಲಬ್ರೀಸ್ 1975ರಲ್ಲಿ ಹೇಳಿದ್ದು ಇದನ್ನೇ: ಎದುರಿನವರು ಹೇಗೆ ವರ್ತಿಸುತ್ತಾರೋ ಎಂಬ ಅನಿಶ್ಚಿತತೆ ಹೆಚ್ಚಿದ್ದಷ್ಟೂ ಮಾತು ಮೇಲುಮೇಲಿನದಾಗಿರುತ್ತದೆ. ಹೊಸಬರೊಡನೆ ಸಭೆಗೆ ಮೊದಲೇ ಹದಿನೈದು ನಿಮಿಷ ಮಾತಾಡಿ, ಸಭೆ ನಡೆಯುವ ಕ್ರಮ ತಿಳಿಸಿ. ನಿಮಗೇ ಯಾವ ಅಂಶದಲ್ಲಿ ಖಚಿತತೆ ಇಲ್ಲವೋ ಅದನ್ನೂ ಹೇಳಿ. ಒಬ್ಬರು ಮನಸ್ಸು ತೆರೆದರೆ ಇನ್ನೊಬ್ಬರೂ ಅಷ್ಟೇ ತೆರೆಯುತ್ತಾರೆ. ಆದರೆ ಮೊದಲ ದಿನವೇ ಅತಿ ಆಳಕ್ಕಿಳಿದರೆ ಅವರು ಮುದುಡಿಕೊಳ್ಳುತ್ತಾರೆ. ಇದರ ಮಗ್ಗುಲಿಗೇ ಇನ್ನೊಂದು ಅಪಾಯವಿದೆ. ಬಹಳ ವರ್ಷದ ಸ್ನೇಹಿತರ ಗುಂಪಿನಲ್ಲಿ ಸ್ನೇಹ ಕೆಡಬಾರದು ಎಂಬ ಆಸೆಯೇ ಬಾಯಿ ಕಟ್ಟುತ್ತದೆ. ಅಂಥ ಗುಂಪಿಗೆ ಹೊರಗಿನ ಒಬ್ಬರನ್ನು ಕರೆಯಿರಿ.

ಕಚೇರಿಯ ಸಂಸ್ಕೃತಿಯನ್ನು ಮನೋವಿಜ್ಞಾನಿ ಎಡ್ಗರ್ ಶೈನ್ ಮೂರು ಪದರವಾಗಿ ನೋಡಿದರು: ಕಣ್ಣಿಗೆ ಕಾಣುವುದು, ಬಾಯಲ್ಲಿ ಹೇಳುವ ಮೌಲ್ಯ, ಯಾರೂ ಹೇಳದ ಆಳದ ನಂಬಿಕೆ. ‘ನಮ್ಮಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು’ ಎಂಬ ಗೋಡೆಬರಹ ಎರಡನೆಯ ಪದರದ್ದು. ಕಳೆದ ಸಲ ಪ್ರಶ್ನೆ ಕೇಳಿದವರಿಗೆ ಏನಾಯಿತು ಎಂಬ ನೆನಪು ಮೂರನೆಯದಕ್ಕೆ ಸೇರಿದ್ದು. ಜನ ನಡೆಯುವುದು ಆ ನೆನಪಿನಂತೆ. ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಏಮಿ ಎಡ್ಮಂಡ್‌ಸನ್‌ಗೆ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದು ಕಂಡಿತು. ತಪ್ಪನ್ನು ಹೇಳಿಕೊಳ್ಳಲು ಅಲ್ಲಿ ಹೆದರಿಕೆ ಕಡಿಮೆಯಿತ್ತು ಎಂಬುದೇ ಅವರು ಕಂಡುಕೊಂಡ ವಿವರಣೆ. ಆಕ್ಷೇಪಗಳೇ ಬಾರದ ತಂಡವನ್ನು ಮೆಚ್ಚುವ ಮುನ್ನ ಇದನ್ನು ನೆನಪಿಡಿ.

ಕೊನೆಯದಾಗಿ ನಡಾವಳಿ. ನಿರ್ಧಾರದ ಜೊತೆಗೆ ಒಪ್ಪದ ಅಭಿಪ್ರಾಯ, ಅದರ ಕಾರಣ, ಮರುಪರಿಶೀಲನೆಯ ದಿನಾಂಕ, ಇವು ಮೂರೂ ಅದರಲ್ಲಿರಲಿ. ಹೇಳಿದವರ ಹೆಸರು ಅವರು ಒಪ್ಪಿದರೆ ಮಾತ್ರ. ಆ ದಿನ ಬಂದಾಗ ಮೊದಲು ಓದಬೇಕಾದದ್ದು ಆ ಒಪ್ಪದ ಅಭಿಪ್ರಾಯವನ್ನು. ಅದು ನಿಜವಾಗಿದ್ದರೆ ಎಲ್ಲರೆದುರು ಹಾಗೆಂದು ಹೇಳಿ.